ತೂಕದ ಮುಳ್ಳು ಮತ್ತು ವ್ರತದ ಅಳತೆ

ದಶಲಕ್ಷಣ ಪರ್ವದ ಹತ್ತು ದಿನವೂ ಏಕಭುಕ್ತದಲ್ಲಿದ್ದು, ಅನಂತ ಚತುರ್ದಶಿಯಂದು ಉಪವಾಸ ಮಾಡಿ, ಮರುದಿನ ಪಾರಣೆ ಮುಗಿಸಿದ ಶ್ರಾವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತೈದು. ದಿನವಿಡೀ ಅಂಗಡಿಯಲ್ಲಿ ಕುಳಿತು ಮಾಡುವ ವ್ಯಾಪಾರ. ಎರಡು ವರ್ಷಗಳಿಂದ ಆತನ ರಕ್ತದಲ್ಲಿ ಸಕ್ಕರೆ ಏರುತ್ತ ಬಂದಿದೆ, ಕೊಲೆಸ್ಟರಾಲ್ ಕೂಡ ಮಿತಿ ಮೀರಿದೆ. ತೂಕ ಇಳಿಸಬೇಕೆಂದು ವೈದ್ಯರು ಪ್ರತಿ ಸಲವೂ ಹೇಳುತ್ತಿದ್ದಾರೆ. ಪರ್ವ ಕಳೆದ ಬಳಿಕ ಆತ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಹಿಂದೆ ಇದ್ದಲ್ಲಿಯೇ ಇತ್ತು. 'ಇಷ್ಟೆಲ್ಲ ಬಿಟ್ಟರೂ ಫಲವಿಲ್ಲವಲ್ಲ' ಎಂಬ ಬೇಸರ ಮನಸ್ಸನ್ನು ಆವರಿಸಿತು. ಆ ಸಂಜೆ ನೆಂಟರ ಮನೆಯಲ್ಲಿ ಬಡಿಸಿದ ಹೋಳಿಗೆಯನ್ನು, ತುಪ್ಪವನ್ನೂ ಸೇರಿಸಿ, ಎರಡು ಸಲ ಹಾಕಿಸಿಕೊಂಡು ಉಂಡ.

ಇದು ಒಬ್ಬನ ಕಥೆಯಲ್ಲ. ಸಮಾಜದ ಅನೇಕ ಮನೆಗಳಲ್ಲಿ ಇಂದು ಹೀಗೆಯೇ ನಡೆಯುತ್ತಿದೆ. ಇದರಲ್ಲಿ ವೈದ್ಯಶಾಸ್ತ್ರದ ವಿಷಯವಷ್ಟೇ ಅಲ್ಲದೆ ಧರ್ಮದ ಎರಡು ಪ್ರಶ್ನೆಗಳೂ ಅಡಗಿವೆ. ರೋಗದ ಅಂಜಿಕೆಯಿಂದ ಸಿಹಿಯನ್ನೂ ತುಪ್ಪವನ್ನೂ ಬಿಟ್ಟರೆ ಅದು ತ್ಯಾಗವೆನಿಸುತ್ತದೆಯೇ? ಬಿಟ್ಟ ಮೇಲೂ ದೇಹ ಇಳಿಯದಿದ್ದರೆ ಆ ತ್ಯಾಗ ವ್ಯರ್ಥವಾಯಿತೇ?

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಮಾಂಸ, ಮದ್ಯ, ಮಧುಗಳನ್ನು ಮುಟ್ಟದ, ಕಂದಮೂಲಗಳನ್ನು ವರ್ಜಿಸಿದ, ಸೂರ್ಯಾಸ್ತದ ಬಳಿಕ ಉಣ್ಣದ ಮನೆಗೆ ಇಂಥ ರೋಗಗಳು ಸುಳಿಯವೆಂಬ ನಂಬಿಕೆ ಅನೇಕರಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಮತ್ತೆ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಈ ಸಂಖ್ಯೆಯಲ್ಲಿ ಸಸ್ಯಾಹಾರಿಗಳೂ ಧಾರಾಳವಾಗಿ ಸೇರಿದ್ದಾರೆ. ಸಸ್ಯಜನ್ಯ ಆಹಾರದಲ್ಲಿ ಕೊಲೆಸ್ಟರಾಲ್ ಇಲ್ಲವೆಂಬುದು ನಿಜ. ಆದರೆ ದೇಹದ ಯಕೃತ್ತು ತಾನೇ ಅದನ್ನು ತಯಾರಿಸುತ್ತದೆ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿರುವ ಗಟ್ಟಿ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆ. ಅಕ್ಕಿ, ಗೋಧಿ, ರವೆಗಳಲ್ಲಿನ ಪಿಷ್ಟವು ಕರುಳಿನಲ್ಲಿ ಸಕ್ಕರೆಯಾಗಿಯೇ ಮಾರ್ಪಡುತ್ತದೆ. ಕಂದಮೂಲವಿಲ್ಲದ ಚಕ್ಕುಲಿ, ಪೂರಿ, ಬಾಳೆಕಾಯಿ ಚಿಪ್ಸುಗಳು ಅಹಿಂಸೆಯ ದೃಷ್ಟಿಯಿಂದ ನಿರ್ದೋಷವಾಗಿರಬಹುದು. ಅಷ್ಟಕ್ಕೇ ಅವು ಹಿತವೂ ಮಿತವೂ ಆಗಿಬಿಡುವುದಿಲ್ಲ. ಶುದ್ಧವಾದ ಆಹಾರವನ್ನೂ ಅಳತೆ ತಪ್ಪಿ ಉಂಡರೆ ಅದು ಪ್ರಮಾದವೇ.

ಇನ್ನು ಮೊದಲನೆಯ ಪ್ರಶ್ನೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಆರು ಬಾಹ್ಯ ತಪಗಳನ್ನು ಹೇಳುತ್ತದೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳಲ್ಲಿ ಮೊದಲ ನಾಲ್ಕು ಆಹಾರಕ್ಕೆ ಸಂಬಂಧಿಸಿದವು ಎಂಬುದು ಗಮನಾರ್ಹ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ ಬೆಲ್ಲಗಳ ಸಿಹಿ, ಉಪ್ಪು ಎಂಬ ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರಸಪರಿತ್ಯಾಗ. ವೈದ್ಯರು ಇಂದು ಬರೆದುಕೊಡುವ ಪಥ್ಯದ ಚೀಟಿಯಲ್ಲಿಯೂ ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳ ಹೆಸರೇ ಇರುತ್ತದೆ. ಹೊರನೋಟಕ್ಕೆ ಎರಡೂ ಒಂದೇ. ಒಳಗಿನ ಭಾವವನ್ನು ನೋಡಿದರೆ ಭೇದ ತಿಳಿಯುತ್ತದೆ. ತಪವೆಂದರೆ ಇಚ್ಛೆಯ ನಿರೋಧ. ಭಯವಾದರೋ ನೋಕಷಾಯಗಳಲ್ಲಿ ಒಂದು. ಸಿಹಿಯ ಆಸೆ ಹಾಗೆಯೇ ಉಳಿದು, ಅದರ ಮೇಲೆ ರೋಗದ ಭಯ ಕಾವಲು ಕುಳಿತಿದ್ದರೆ ಅಲ್ಲಿ ಒಂದು ಕಷಾಯವು ಇನ್ನೊಂದನ್ನು ತಡೆದಿದೆ, ಅಷ್ಟೆ. ಅದನ್ನು ತಪವೆಂದು ಕರೆಯುವುದು ಸರಿಯಾಗದು.

ಹಾಗೆಂದು ಅದನ್ನು ಕೀಳಾಗಿ ಕಾಣಬೇಕಾಗಿಯೂ ಇಲ್ಲ. ಬಸದಿಯ ಬಾಗಿಲಿಗೆ ಮನುಷ್ಯನನ್ನು ಕರೆತರುವ ಕಾರಣಗಳು ಅನೇಕ: ದುಃಖ, ನಷ್ಟ, ರೋಗ. ಬಾಗಿಲವರೆಗೆ ಭಯ ತಂದಿರಬಹುದು. ಒಳಗೆ ಇಡುವ ಹೆಜ್ಜೆ ಅವನದೇ. ಈ ಹೆಜ್ಜೆಯನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿದೆಯೆಂದು ವರದಿ ಬಂದ ದಿನ ಆತ ಏನನ್ನು ಮಾಡುತ್ತಾನೆ? ಸಂತೋಷಕ್ಕೆ ಮೈಸೂರು ಪಾಕು ತರಿಸಿದರೆ ಬಿಟ್ಟದ್ದು ಪಥ್ಯ ಮಾತ್ರ. ಇಳಿದರೂ ಇಳಿಯದಿದ್ದರೂ ತನ್ನ ಮಿತಿಯಲ್ಲಿಯೇ ನಿಂತರೆ ಆ ಪಥ್ಯವು ವ್ರತವಾಗಿ ಬೆಳೆದಿದೆ.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ವ್ರತಿಯು ಶಲ್ಯರಹಿತನಾಗಿರಬೇಕೆಂಬುದು ಶಾಸ್ತ್ರದ ಆದೇಶ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳು ಒಳಗೆ ಮುರಿದು ಉಳಿದ ಮುಳ್ಳಿನಂತೆ ವ್ರತವನ್ನು ನೋಯಿಸುತ್ತಿರುತ್ತವೆ. ತೂಕ ಇಳಿಸಲು ಹೆಣಗುವವನ ದಿನಚರಿಯಲ್ಲಿ ಈ ಮೂರನ್ನೂ ಕಾಣಬಹುದು. ಮನೆಯವರಿಗೆ ಕಾಣದಂತೆ ಡಬ್ಬಿಯಿಂದ ಉಂಡೆ ತೆಗೆದು ತಿಂದು, 'ನಾನು ಏನೂ ತಿನ್ನುವುದಿಲ್ಲ' ಎಂದು ವೈದ್ಯರಿಗೆ ಹೇಳುವುದು ಮಾಯೆ. ಸಕ್ಕರೆಯ ಬದಲು ಬೆಲ್ಲ ಬಳಸಿದರೆ ದೋಷವಿಲ್ಲವೆಂದೂ, ಅನ್ನ ಬಿಟ್ಟು ನಾಲ್ಕಾರು ಚಪಾತಿ ತಿಂದರೆ ಪಥ್ಯವಾಯಿತೆಂದೂ, ಅಷ್ಟಮಿಯ ಒಂದು ಉಪವಾಸ ಹದಿನೈದು ದಿನದ ಅತಿಭೋಜನವನ್ನು ತೊಳೆಯುತ್ತದೆಂದೂ ತಿಳಿಯುವುದು ವಸ್ತುಸ್ಥಿತಿಯನ್ನು ತಲೆಕೆಳಗಾಗಿ ಕಾಣುವ ಮಿಥ್ಯೆ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ಇವೆರಡಕ್ಕಿಂತ ಹೆಚ್ಚು ಅಪಾಯಕಾರಿಯಾದುದು ನಿದಾನ, ಅಂದರೆ ವ್ರತಕ್ಕೆ ಪ್ರತಿಫಲವನ್ನು ಕಟ್ಟುವುದು. 'ನಾನು ಇಷ್ಟು ಬಿಟ್ಟೆ, ಇಷ್ಟು ಕಿಲೋ ಇಳಿಯಬೇಕು' ಎಂಬ ಲೆಕ್ಕ ವ್ಯಾಪಾರಿಯದು. ಲೆಕ್ಕ ತಪ್ಪಿದ ದಿನ ವ್ರತವೂ ಮುರಿಯುತ್ತದೆ. ಮೇಲಿನ ಶ್ರಾವಕನ ಎಲೆಗೆ ಹೋಳಿಗೆ ಬಂದು ಬಿದ್ದದ್ದು ಹಸಿವಿನಿಂದಲ್ಲ. ಮುಳ್ಳು ಅಲುಗದ ಮುನಿಸೇ ಅದನ್ನು ತಂದಿತು.

ಈ ಲೆಕ್ಕ ತಪ್ಪುವುದಕ್ಕೆ ದೇಹದಲ್ಲಿಯೇ ಕಾರಣಗಳಿವೆ. ಆಹಾರ ಕಡಿಮೆಯಾದಾಗ ದೇಹವು ತನ್ನ ಖರ್ಚನ್ನೂ ತಗ್ಗಿಸಿಕೊಳ್ಳುತ್ತದೆ, ಹಸಿವನ್ನು ಹೆಚ್ಚಿಸುವ ರಸದೂತಗಳು ಏರುತ್ತವೆ. ಇನ್ಸುಲಿನ್ ಮತ್ತು ಮಧುಮೇಹದ ಕೆಲವು ಮಾತ್ರೆಗಳು ತೂಕವನ್ನು ಹೆಚ್ಚಿಸುವುದೂ ಉಂಟು. ವಂಶದ ಪಾಲೂ ಇದೆ. ಆದುದರಿಂದ ಒಂದೇ ಪಥ್ಯದಲ್ಲಿ ಒಬ್ಬನ ತೂಕ ಬೇಗ ಇಳಿದರೆ ಇನ್ನೊಬ್ಬನದು ಇಳಿಯದಿರಬಹುದು. ತೂಕ ಇಳಿದರೆ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಳಿಯದಿದ್ದರೆ ಪ್ರಯತ್ನ ನಿಷ್ಫಲವೆಂದಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ಸುಮಾರು ಮೂರು ವರ್ಷ ಗಮನಿಸಿ, ಚೆನ್ನೈಯ ವೈದ್ಯರ ನೇತೃತ್ವದ ಅಧ್ಯಯನವೊಂದು 2006ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿತು. ಆಹಾರವನ್ನು ತಿದ್ದಿಕೊಂಡು ನಿತ್ಯ ನಡಿಗೆ ಇಟ್ಟುಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೂ ಅವರಲ್ಲಿ ಮಧುಮೇಹಕ್ಕೆ ಜಾರುವ ಸಂಭವ ಶೇಕಡಾ 28ರಷ್ಟು ಕಡಿಮೆಯಾಗಿತ್ತು. ಮುಳ್ಳು ಕಾಣದ ಹಿತವೊಂದು ಒಳಗೆ ನಡೆದಿತ್ತು.

ಆದುದರಿಂದ ವ್ರತವನ್ನು ಕೈಯಲ್ಲಿಲ್ಲದ ತೂಕಕ್ಕೆ ಕಟ್ಟದೆ, ಕೈಯಲ್ಲಿರುವ ತುತ್ತಿಗೆ ಕಟ್ಟಬೇಕು. ಪುರುಷನಿಗೆ ಮೂವತ್ತೆರಡು, ಸ್ತ್ರೀಗೆ ಇಪ್ಪತ್ತೆಂಟು ಕವಳಗಳು ಪೂರ್ಣಾಹಾರವೆಂದೂ, ಅದರಲ್ಲಿ ಒಂದು ಕವಳ ಕಡಿಮೆ ಮಾಡಿದರೂ ಅವಮೌದರ್ಯವೆಂದೂ ಪ್ರಾಚೀನರು ಹೇಳಿದ್ದಾರೆ. ಎಂಥ ಕರುಣೆಯ ಅಳತೆ! ಪೂರ್ತಿ ಬಿಡುವ ಅನಶನಕ್ಕೆ ಹಬ್ಬದ ಉತ್ಸಾಹವೂ ನಾಲ್ಕು ಜನರ ಮೆಚ್ಚುಗೆಯೂ ಜೊತೆಗಿರುತ್ತವೆ. ಊಟಕ್ಕೆ ಕುಳಿತು, ಹಸಿವು ಸ್ವಲ್ಪ ಉಳಿದಿರುವಾಗಲೇ ಎಲೆಯಿಂದ ಏಳುವ ಅವಮೌದರ್ಯಕ್ಕೆ ಮೆರವಣಿಗೆಯಿಲ್ಲ. ಅದನ್ನು ದಿನವೂ, ಯಾರೂ ನೋಡದಂತೆ ಮಾಡಬೇಕು. ಮಧುಮೇಹಿಗೆ ಹೆಚ್ಚು ಹಿತವಾದ ತಪ ಇದೇ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಜೀವಾವಧಿಯ ತ್ಯಾಗವನ್ನು ಯಮವೆಂದೂ, ಕಾಲದ ಮಿತಿಯುಳ್ಳದ್ದನ್ನು ನಿಯಮವೆಂದೂ ಬೇರ್ಪಡಿಸಿದ್ದಾರೆ. ಗೃಹಸ್ಥನಿಗೆ ಇದು ದೊಡ್ಡ ಅನುಕೂಲ. 'ಇನ್ನೆಂದೂ ಸಿಹಿ ಮುಟ್ಟೆನು' ಎಂದು ಆವೇಶದಲ್ಲಿ ನುಡಿದು ವಾರದಲ್ಲಿ ಮುರಿಯುವುದಕ್ಕಿಂತ, ಮೂರು ತಿಂಗಳು ಸಿಹಿಯಿಲ್ಲ, ಊಟಕ್ಕೆ ಒಂದು ಚಮಚಕ್ಕಿಂತ ಹೆಚ್ಚು ತುಪ್ಪವಿಲ್ಲ, ಉಂಡ ಬಳಿಕ ಅರ್ಧ ಗಂಟೆ ನಡಿಗೆ ಎಂಬ ನಿಯಮ ಮೇಲು. ಎಚ್‌ಬಿಎ1ಸಿ ಎಂಬ ಪರೀಕ್ಷೆಯೂ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನೇ ತೋರಿಸುತ್ತದೆ. ನಿಯಮದ ಅವಧಿಯೂ ಪರೀಕ್ಷೆಯ ಅವಧಿಯೂ ಹೊಂದಿಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವಿಕೆ ಉಂಟಾಗಬಹುದು. ಪ್ರಾಣಕ್ಕೂ ಅಪಾಯವಾಗಬಹುದು. ಸಂಜೆ ಬೇಗ ಉಂಡು ಮರುದಿನ ಬೆಳಿಗ್ಗೆಯವರೆಗೆ ಏನನ್ನೂ ಸೇವಿಸದವರು ತಮ್ಮ ಈ ನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಔಷಧದ ವೇಳೆಯನ್ನೂ ಪ್ರಮಾಣವನ್ನೂ ಹೊಂದಿಸಿಕೊಳ್ಳಬೇಕು. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೂ ತ್ಯಾಗಕ್ಕೂ 'ಶಕ್ತಿತಃ' ಎಂಬ ಮಾತು ಸೇರಿರುವುದು ಸುಮ್ಮನೆ ಅಲ್ಲ. ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ, ಮೀರುವುದೂ ಹಾಗೆಯೇ ಅವಿವೇಕ.

ಔಷಧ ನುಂಗಬೇಕಾಗಿ ಬಂದುದನ್ನು ವ್ರತದ ಸೋಲೆಂದು ಭಾವಿಸುವವರೂ ಇದ್ದಾರೆ. ಅವರು ಸಮಂತಭದ್ರಾಚಾರ್ಯರ ಕಥೆಯನ್ನೇ ನೆನೆಯಬಹುದು. ಎಷ್ಟು ಉಂಡರೂ ತಣಿಯದ ಭಸ್ಮಕ ವ್ಯಾಧಿ ಅವರನ್ನು ಬಾಧಿಸಿತೆಂದು ಪರಂಪರೆ ಹೇಳುತ್ತದೆ. ದೇವಚಂದ್ರನ ರಾಜಾವಳೀ ಕಥಾಸಾರದಲ್ಲಿಯೂ ಈ ವೃತ್ತಾಂತ ಬರುತ್ತದೆ. ಮುನಿಧರ್ಮ ಕೆಡುವುದೆಂದು ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮೊದಲು ರೋಗವನ್ನು ಶಮನಗೊಳಿಸಿಕೊಂಡು ಮತ್ತೆ ದೀಕ್ಷೆಗೆ ಮರಳುವಂತೆ ಆಜ್ಞಾಪಿಸಿದರು. ಅಷ್ಟು ದೊಡ್ಡ ಆಚಾರ್ಯರ ಹಸಿವನ್ನೂ ಗುರು ಪಾಪವೆಂದು ಜರೆಯದೆ ರೋಗವೆಂದು ಗುರುತಿಸಿದರು. ಮದ್ಯ, ಮಾಂಸ, ಮಧುಗಳನ್ನು ದೂರವಿಟ್ಟು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರೂ ಧರ್ಮ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರೋಧಿಗಳಲ್ಲವೆಂದು ತೋರಿಸಿಕೊಟ್ಟರು.

ಈ ಹೋರಾಟ ರೋಗಿಯೊಬ್ಬನ ಹೊಣೆಯಷ್ಟೇ ಅಲ್ಲ. ಕರ್ಮದ ಆಸ್ರವವು ಕೃತ, ಕಾರಿತ, ಅನುಮತ ಎಂಬ ಮೂರು ದಾರಿಗಳಲ್ಲಿ ಆಗುತ್ತದೆ. 'ಒಂದು ದಿನಕ್ಕೆ ಏನಾಗುತ್ತದೆ, ಹಾಕಿಸಿಕೊಳ್ಳಿ' ಎಂದು ಎಲೆಯ ಮೇಲೆ ಕೈ ಅಡ್ಡವಿಟ್ಟವನಿಗೆ ಬಲವಂತದಿಂದ ಬಡಿಸುವ ಆತಿಥೇಯನು ಅವನ ನಿಯಮಭಂಗದಲ್ಲಿ ಪಾಲುಗಾರನಾಗುತ್ತಾನೆ. ಬೇಡವೆಂದವನ ಮಾತನ್ನು ಮೊದಲ ಸಲವೇ ಗೌರವಿಸುವುದು ಕೂಡ ಒಂದು ಸತ್ಕಾರ. ಬಸದಿಯ ಟ್ರಸ್ಟುಗಳು ನೋಂಪಿ, ಉದ್ಯಾಪನೆಗಳ ಊಟದಲ್ಲಿ ಸಿಹಿಯ ಜೊತೆಗೆ ಹೆಸರುಕಾಳಿನ ಕೋಸಂಬರಿ, ಸೋರೆ, ಹೀರೆ, ಹಾಗಲದ ಪಲ್ಯಗಳಿಗೂ ಎಲೆಯಲ್ಲಿ ತಕ್ಕ ಜಾಗ ಕೊಟ್ಟರೆ, ಬಡಿಸುವವರಿಗೆ 'ಕೇಳಿ ಬಡಿಸಿ' ಎಂದು ಹೇಳಿದರೆ ಅನೇಕರ ವ್ರತ ಉಳಿದೀತು. ಮನೆಯಲ್ಲಿಯೂ ಯಜಮಾನನ ಪಥ್ಯಕ್ಕೆ ಬೇರೆ ಅಡುಗೆ ಮಾಡಿ, ತಾನು ಮಾತ್ರ ಉಳಿದದ್ದನ್ನು ಚೆಲ್ಲಬಾರದೆಂದು ಉಂಡು ಮುಗಿಸುವ ಗೃಹಿಣಿಯ ಆರೋಗ್ಯವನ್ನು ಕೇಳುವವರಿರುವುದಿಲ್ಲ. ಮನೆಯವರೆಲ್ಲರೂ ಒಂದೇ ಮಿತವಾದ ಅಡುಗೆಯನ್ನು ಉಣ್ಣುವುದು ನ್ಯಾಯವೂ ಹೌದು, ಸುಲಭವೂ ಹೌದು.

ಸ್ಥೂಲದೇಹಿಯನ್ನು ಕಂಡು ನಗುವುದು, 'ಬಾಯಿ ಕಟ್ಟಲಾರದವನು' ಎನ್ನುವುದು, 'ಅವನ ಪೂರ್ವಕರ್ಮ' ಎಂದು ಕೈತೊಳೆದುಕೊಳ್ಳುವುದು ವಚನದ ಹಿಂಸೆ. ಕರ್ಮಸಿದ್ಧಾಂತವು ತನ್ನನ್ನು ತಿದ್ದಿಕೊಳ್ಳಲು ಇರುವ ಕನ್ನಡಿ. ಅದನ್ನು ಪರರ ಮುಖಕ್ಕೆ ಹಿಡಿಯುವುದು ಅದರ ದುರುಪಯೋಗ. ತೆಳ್ಳಗಿರುವವನೆಲ್ಲ ಸಂಯಮಿಯಲ್ಲ, ದಪ್ಪಗಿರುವವನೆಲ್ಲ ಲೋಲುಪನೂ ಅಲ್ಲ. ಯಾರು ಯಾವ ತುತ್ತನ್ನು ಎಷ್ಟು ಕಷ್ಟದಿಂದ ಬಿಟ್ಟರೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಹೋಳಿಗೆ ಉಂಡ ಶ್ರಾವಕನ ದಾರಿಯೂ ಮುಚ್ಚಿಲ್ಲ. ನಿಯಮ ಮುರಿದವನಿಗೆ ಪ್ರತಿಕ್ರಮಣವಿದೆ. ತಪ್ಪನ್ನು ತಪ್ಪೆಂದು ಒಪ್ಪಿ, ಅದನ್ನು ಹಿಗ್ಗಿಸದೆ, ಮತ್ತೆ ಮಿತಿಗೆ ಹಿಂದಿರುಗುವ ಕ್ರಮವದು. ಮರುದಿನ ಆತ ಮಾಡಬೇಕಾದುದು ಮತ್ತೊಂದು ಕಠೋರ ಉಪವಾಸವಲ್ಲ. ಎಂದಿನಂತೆ ಊಟಕ್ಕೆ ಕುಳಿತು, ಕೊನೆಯ ನಾಲ್ಕು ತುತ್ತನ್ನು ಬಡಿಸಿಕೊಳ್ಳದೆ ಏಳಬೇಕು. ತೂಕದ ಮುಳ್ಳು ಆ ದಿನ ಅಲುಗದಿರಬಹುದು. ಆ ನಾಲ್ಕು ತುತ್ತು ಮಾತ್ರ ಆತ ಬಿಟ್ಟದ್ದೇ ಹೌದು, ಅದನ್ನು ಯಾವ ಮುಳ್ಳೂ ಇಲ್ಲವೆನ್ನಲಾರದು.