ಚಿಪ್ಪು ಯಾರಿಗಾಗಿ?

ಕಾಪಾಡುವುದೆಂದರೇನು? ಗೋಡೆ ಕಟ್ಟಿ, ಬಾಗಿಲು ಮುಚ್ಚಿ, ಒಳಗಿರುವವರಿಗೆ ಹೊರಗಿನ ಗಾಳಿಯೂ ಸೋಕದಂತೆ ನೋಡಿಕೊಳ್ಳುವುದೇ? ಮಕ್ಕಳಿರುವ ಪ್ರತಿ ಮನೆಯೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸುತ್ತದೆ. ದೊಡ್ಡ ಗ್ರಂಥಗಳ ಮೊರೆಹೋಗುವ ಮುನ್ನ, ಪ್ರಿಯ ಓದುಗರೇ, ನಾಳೆ ಬೆಳಿಗ್ಗೆ ಒಂದು ಕೋಳಿಮೊಟ್ಟೆಯನ್ನು ತಟ್ಟೆಗೆ ಒಡೆದು, ಆಮ್ಲೆಟ್ಟಿಗೆ ಅವಸರಪಡದೆ ಒಂದು ನಿಮಿಷ ನೋಡಿರಿ.

ಕಾಣುವುದು ಬಿಳಿ ಮತ್ತು ಹಳದಿ. ಹಳದಿಯೇ ಮರಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಹಳದಿಯ ಮೇಲೆ ಎರಡು ಮೂರು ಮಿಲಿಮೀಟರ್ ಅಗಲದ ಮಸುಕು ಚುಕ್ಕೆಯೊಂದಿದೆ. ಜೀವ ಮೊಳೆಯುವುದಾದರೆ ಅಲ್ಲಿಯೇ. ಹಳದಿ ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ಬಿಳಿ ಲೋಳೆಯ ಶೇಕಡಾ 90ರಷ್ಟು ಭಾಗ ನೀರು. ಅದು ಪೆಟ್ಟು ತಾಗದಂತೆ ತಡೆಯುವ ಹಾಸಿಗೆಯೂ ಹೌದು, ಕಾವಲೂ ಹೌದು. ಅದರಲ್ಲಿರುವ ಲೈಸೊಜೈಮ್ ಎಂಬ ವಸ್ತು ಕೆಲವು ಬ್ಯಾಕ್ಟೀರಿಯಾಗಳ ಹೊರಗೋಡೆಯನ್ನೇ ಒಡೆಯಬಲ್ಲದು. ಹಳದಿಯ ಎರಡು ಬದಿಯಲ್ಲಿಯೂ ಹುರಿ ಹೊಸೆದಂಥ ಬಿಳಿ ಎಳೆಗಳಿವೆ. ಅಡುಗೆ ಮಾಡುವವರು ಕಸವೆಂದು ಚಮಚದಿಂದ ತೆಗೆದೆಸೆಯುವ ಈ ಎಳೆಗಳು ಹಳದಿಯನ್ನು ನಟ್ಟನಡುವೆ ಹಿಡಿದಿಡುತ್ತವೆ, ಆದರೆ ಅದು ತಿರುಗುವುದನ್ನು ತಡೆಯುವುದಿಲ್ಲ. ಹಿಡಿದಿದ್ದೂ ಬಿಗಿಯದ ಇಂಥ ಹಿಡಿತ ನಮಗೇಕೋ ಸುಲಭವಾಗಿ ಒಲಿಯುವುದಿಲ್ಲ.

ಇನ್ನು ಚಿಪ್ಪು. ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ದ್ರವ್ಯ. ಆಹಾರದಿಂದ ಬಂದ ಕ್ಯಾಲ್ಸಿಯಂ ಸಾಲದಾದಾಗ ಹೇಂಟೆ ತನ್ನ ಎಲುಬಿನಿಂದಲೇ ಅದನ್ನು ತೆಗೆದುಕೊಡುತ್ತದೆ. ಇಷ್ಟು ಕಷ್ಟದಿಂದ ಕಟ್ಟಿದ ಗೋಡೆಯ ತುಂಬ 7,000ಕ್ಕೂ ಮಿಕ್ಕಿ ಸೂಕ್ಷ್ಮ ರಂಧ್ರಗಳು! ಪ್ರಾಣವಾಯು ಒಳಬರುವುದು, ನೀರಾವಿ ಹೊರಹೋಗುವುದು ಇವುಗಳ ಮೂಲಕವೇ. ರಂಧ್ರಗಳಿಲ್ಲದ ಚಿಪ್ಪು ರೋಗಾಣುಗಳಿಗೆ ದಾರಿ ಬಿಡುತ್ತಿರಲಿಲ್ಲ, ನಿಜ. ಆದರೆ ಒಳಗಿನ ಮರಿ ಉಸಿರುಗಟ್ಟಿ ಸಾಯುತ್ತಿತ್ತು.

ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಬೆಳೆಯುವ ಮರಿಯ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಬಹುಮಟ್ಟಿಗೆ ಈ ಚಿಪ್ಪಿನಿಂದಲೇ ಬರುತ್ತದೆ. ಒಳಗಿನ ಜೀವ ಗಟ್ಟಿಯಾದಂತೆ ಹೊರಗಿನ ಗೋಡೆ ತೆಳುವಾಗುತ್ತದೆ. ಕಾಪಾಡುವುದು ತನ್ನನ್ನೇ ಕೊಟ್ಟು ಸವೆಯುತ್ತದೆ.

ನಮ್ಮ ಮನೆಗಳಲ್ಲಿ ಹೀಗೆ ನಡೆಯುತ್ತಿದೆಯೇ? ಮಗಳಿಗೆ ಇಪ್ಪತ್ತು ತುಂಬಿದರೂ ಅವಳ ಓದು, ಗೆಳತಿಯರು, ಮೊಬೈಲು, ಮದುವೆ ಎಲ್ಲವನ್ನೂ ನಾವೇ ನಿರ್ಧರಿಸುತ್ತೇವೆ. “ಕಾಲ ಕೆಟ್ಟಿದೆ, ಫಾದರ್” ಎನ್ನುವ ತಂದೆತಾಯಂದಿರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಾವಿನ ಮೂರನೆಯ ದಿನ ಚಿಪ್ಪು ಬಿರುಕುಬಿಟ್ಟರೆ ಮರಿ ಉಳಿಯುವುದು ಕಷ್ಟ. ಆದರೆ ಇಪ್ಪತ್ತನೆಯ ದಿನವೂ ಮೂರನೆಯ ದಿನದ ಚಿಪ್ಪೇ ಬೇಕೆನ್ನುವುದು ಯಾರ ಹಿತಕ್ಕೆ? ಮರಿಯ ಹಿತಕ್ಕೋ, ನಮ್ಮ ಭಯದ ಸಮಾಧಾನಕ್ಕೋ?

ಮೊಟ್ಟೆಯ ಅಗಲ ತುದಿಯಲ್ಲಿ ಪುಟ್ಟ ಗಾಳಿಕೋಣೆಯಿದೆ. 21 ದಿನಗಳ ಕಾವು ಮುಗಿಯುತ್ತ ಬಂದಾಗ ಮರಿ ಒಳಪೊರೆಯನ್ನು ಚುಚ್ಚಿ, ಮೊದಲ ಬಾರಿಗೆ ಶ್ವಾಸಕೋಶದ ತುಂಬ ಉಸಿರೆಳೆದುಕೊಳ್ಳುವುದು ಅಲ್ಲಿಂದ. ಆಮೇಲೆ ಚಿಪ್ಪಿನಲ್ಲಿ ಬಿರುಕು. ಹೊರಬರಲು ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಕರುಣೆಯಿಂದಲೇ ಆದರೂ ಅವಸರದ ಕೈಯೊಂದು ಚಿಪ್ಪು ಬಿಡಿಸಿದರೆ, ಪೊರೆಯಲ್ಲಿನ್ನೂ ರಕ್ತ ಹರಿಯುತ್ತಿದ್ದು ಮರಿ ರಕ್ತಸ್ರಾವದಿಂದ ಸಾಯಬಹುದು. ಆ ಹೊತ್ತೆಲ್ಲ ಹೇಂಟೆ ಮೆಲ್ಲನೆ ಲೊಚಗುಟ್ಟುತ್ತ, ರೆಕ್ಕೆ ಹರಡಿ, ಕೂತಲ್ಲೇ ಕಾವು ಕೊಡುತ್ತಿರುತ್ತದೆ.