ಕಿವಿಯ ಸಾಕ್ಷ್ಯ ಎಷ್ಟರ ಮಟ್ಟಿಗೆ ಪ್ರಮಾಣ?

ಒಂದೇ ಹಾಡನ್ನು ಎರಡು ಆಂಪ್ಲಿಫೈಯರ್‌ಗಳಲ್ಲಿ ಕೇಳಿದವರು ‘ಎರಡನೆಯದರಲ್ಲಿ ಧ್ವನಿ ತುಂಬಿಬಂತು’ ಎಂದರೆ, ಆ ಮಾತಿನಲ್ಲಿ ಎರಡು ಹೇಳಿಕೆಗಳಿವೆ. ತಮಗೆ ಹಾಗೆ ಕೇಳಿಸಿತು ಎಂಬುದು ಒಂದು. ಹಾಗೆ ಕೇಳಿಸಲು ಆಂಪ್ಲಿಫೈಯರೇ ಕಾರಣ ಎಂಬುದು ಇನ್ನೊಂದು. ಮೊದಲನೆಯದು ಅನುಭವ, ಅದನ್ನು ಬೇರೆಯವರು ಅಲ್ಲಗಳೆಯಲಾರರು. ಎರಡನೆಯದು ಕಾರ್ಯದಿಂದ ಕಾರಣವನ್ನು ಊಹಿಸುವ ತರ್ಕ, ಅದು ತಪ್ಪಬಹುದು.

ಆಂಪ್ಲಿಫೈಯರ್‌ಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಸಾಧ್ಯ. ಶಕ್ತಿ ಸಾಲದೆ ಅಲೆಯ ತುದಿ ಕತ್ತರಿಸಿಹೋದರೆ ಕಿವಿಗೆ ಗೊತ್ತಾಗುತ್ತದೆ. ಹಲವು ವಾಲ್ವ್ ಆಂಪ್ಲಿಫೈಯರ್‌ಗಳ ಔಟ್‌ಪುಟ್ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಹೆಚ್ಚು. ಸ್ಪೀಕರಿನ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ ಕೆಲವು ಸ್ವರಗಳು ಎದ್ದು, ಕೆಲವು ತಗ್ಗುತ್ತವೆ. ಇಂಥ ದೋಷಗಳಿಲ್ಲದ ಯಂತ್ರಗಳನ್ನು ತಮ್ಮ ಶಕ್ತಿಯ ಮಿತಿಯೊಳಗೆ ನುಡಿಸಿದಾಗ ಉಳಿಯುವ ಅಂತರ ಬಹಳ ಸಣ್ಣದು. ವಾದ ಇರುವುದು ಅಲ್ಲೇ.

ಆ ಸಣ್ಣ ಅಂತರದ ತೀರ್ಪನ್ನು ಕೆಡಿಸುವ ದೋಷಗಳಲ್ಲಿ ಎರಡು ಮುಖ್ಯ. ಮೊದಲನೆಯದು ಧ್ವನಿಯ ಮಟ್ಟ. ಮೆಲುದನಿಯಲ್ಲಿ ಕಿವಿಗೆ ಮಂದ್ರಸ್ವರ ಕಡಿಮೆ ಕೇಳಿಸುತ್ತದೆಂದು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಆದ್ದರಿಂದ ತುಸು ಜೋರಾಗಿ ನುಡಿಯುವ ಯಂತ್ರ ‘ಹೆಚ್ಚು ತುಂಬಿದ್ದು’ ಎನಿಸಿಕೊಳ್ಳುತ್ತದೆ. ಎರಡರ ಮಟ್ಟವನ್ನೂ 0.1 ಡೆಸಿಬೆಲ್‌ನಷ್ಟು ಹತ್ತಿರಕ್ಕೆ ಸರಿಹೊಂದಿಸಬೇಕೆನ್ನುವುದು ಇದಕ್ಕಾಗಿಯೇ. ಎರಡನೆಯದು ಕಣ್ಣು. ದೂರದ ಗಂಧದ ಕೊರಡನ್ನು ಕಂಡೊಡನೆ ‘ಪರಿಮಳದ ಗಂಧ’ ಎಂಬ ಜ್ಞಾನ ಹುಟ್ಟುವುದನ್ನು ನ್ಯಾಯದರ್ಶನದವರಾದ ನೈಯಾಯಿಕರು ಜ್ಞಾನಲಕ್ಷಣ ಸನ್ನಿಕರ್ಷ ಎನ್ನುತ್ತಾರೆ: ಹಿಂದಿನ ಅರಿವು ಈಗಿನ ಪ್ರತ್ಯಕ್ಷದೊಳಗೆ ಸೇರಿಕೊಳ್ಳುತ್ತದೆ. ಹೊಳೆಯುವ ವಾಲ್ವು, ಭಾರದ ಪೆಟ್ಟಿಗೆ, ಬೆಲೆಯ ಚೀಟಿ ಕಂಡವರ ಕಿವಿಗೆ ಧ್ವನಿ ‘ಬೆಚ್ಚಗೆ’ ಕೇಳಿಸುವುದೂ ಹೀಗೆಯೇ. ಅವರು ಸುಳ್ಳು ಹೇಳುತ್ತಿಲ್ಲ. ನೋಡಿದ್ದನ್ನೂ ಸೇರಿಸಿ ಕೇಳುತ್ತಿದ್ದಾರೆ.

‘ನಿನ್ನ ಕಿವಿಯನ್ನು ನಂಬು’ ಎನ್ನುವವರ ನಿಲುವು ಮೀಮಾಂಸಕರ ಸ್ವತಃಪ್ರಾಮಾಣ್ಯಕ್ಕೆ ಹತ್ತಿರ: ಜ್ಞಾನ ತನ್ನಿಂದ ತಾನೇ ಪ್ರಮಾಣ. ‘ಪರೀಕ್ಷಿಸಿ ನಂಬು’ ಎನ್ನುವವರದು ನೈಯಾಯಿಕರ ಪರತಃಪ್ರಾಮಾಣ್ಯ: ಜ್ಞಾನ ಸರಿಯೆಂದು ತಿಳಿಯುವುದು ಬೇರೆ ಆಧಾರದಿಂದ. ಆದರೆ ಈ ವಿಷಯದಲ್ಲಿ ಎರಡೂ ಪಕ್ಷಗಳು ಒಂದೇ ಕಡೆ ಬಂದು ನಿಲ್ಲುತ್ತವೆ. ಜ್ಞಾನವನ್ನು ಹುಟ್ಟಿಸಿದ ಕಾರಣದಲ್ಲಿ ದೋಷವಿದೆಯೆಂದು ತಿಳಿದರೆ ಪ್ರಾಮಾಣ್ಯ ಬಿದ್ದುಹೋಗುತ್ತದೆಂದು ಮೀಮಾಂಸಕನಾದ ಕುಮಾರಿಲಭಟ್ಟನೂ ಒಪ್ಪುತ್ತಾನೆ. ಪ್ರಾಮಾಣ್ಯವನ್ನು ಗ್ರಹಿಸುವುದು ಒಳಗಿನ ಸಾಕ್ಷಿಯೇ ಎನ್ನುವ ಮಧ್ವಮತವೂ ಸಂಶಯ ಬಂದಲ್ಲಿ ಪರೀಕ್ಷೆಯನ್ನು ಕೇಳುತ್ತದೆ. ಮಟ್ಟ ಮತ್ತು ನೋಟದ ದೋಷಗಳು ಗೊತ್ತಾದ ಮೇಲೆ ಪರೀಕ್ಷೆ ತಪ್ಪಿಸುವ ದಾರಿ ಯಾವ ಪಕ್ಷಕ್ಕೂ ಇಲ್ಲ.

ಆ ಪರೀಕ್ಷೆಯ ಹೆಸರು ಎಬಿಎಕ್ಸ್. ಎ ಮತ್ತು ಬಿ ಯಾವುವೆಂದು ಕೇಳುಗರಿಗೆ ಗೊತ್ತು; ಎಕ್ಸ್ ಎಂಬುದು ಅವೆರಡರಲ್ಲಿ ಒಂದು, ಯಾವುದೆಂದು ಕೇಳಿಯೇ ಹೇಳಬೇಕು. 16 ಸಲದಲ್ಲಿ 12 ಅಥವಾ ಹೆಚ್ಚು ಸರಿಯಾದರೆ, ಬರೀ ಊಹೆಯಿಂದ ಹಾಗಾಗುವ ಸಂಭವ ಸುಮಾರು ಶೇ. 4. ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ 1987ರಲ್ಲಿ ಪ್ರಕಟಿಸಿದ ಇಂಥ ಪರೀಕ್ಷೆಯಲ್ಲಿ ಅಗ್ಗದ ಯಂತ್ರವೂ ಇತ್ತು, ಅತಿ ದುಬಾರಿಯದೂ ಇತ್ತು. ಕೇಳುಗರ ಉತ್ತರಗಳು ಒಟ್ಟಾರೆ ಊಹೆಗಿಂತ ಮೇಲೇರಲಿಲ್ಲ.

ಇದರಿಂದ ವ್ಯತ್ಯಾಸವೇ ಇಲ್ಲವೆಂದು ಸಿದ್ಧವಾಯಿತೇ? ಇಲ್ಲಿ ಅನುಪಲಬ್ಧಿಯ ನಿಯಮ ಅನ್ವಯಿಸುತ್ತದೆ. ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗುವುದು, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಲ್ಲಿ ಮಾತ್ರ. ಕತ್ತಲಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲವೆಂದಾಗದು. ದಣಿದ ಕಿವಿ, ಅಪರಿಚಿತ ಸಂಗೀತ, ಮಸುಕಾದ ಸ್ಪೀಕರ್ ಇದ್ದಲ್ಲಿ ಸೋಲು ಏನನ್ನೂ ಸಾಧಿಸದು. ಆದ್ದರಿಂದ ಒಳ್ಳೆಯ ಪರೀಕ್ಷೆಯಲ್ಲಿ ಅಳೆದು ಬೆರೆಸಿದ ಸಣ್ಣ ದೋಷವೊಂದನ್ನು ಮೊದಲು ಕೇಳಿಸುತ್ತಾರೆ. ಅದನ್ನು ಹಿಡಿದ ಕಿವಿ ಎರಡು ಆಂಪ್ಲಿಫೈಯರ್‌ಗಳನ್ನು ಬೇರ್ಪಡಿಸಲಾರದೆ ಹೋದರೆ, ಉಳಿದ ವ್ಯತ್ಯಾಸ ಆ ಕಿವಿಯ ಮಟ್ಟಿಗೆ ಲೆಕ್ಕಕ್ಕಿಲ್ಲ. ಮೆಚ್ಚಿನ ಯಂತ್ರವನ್ನು ನೋಡುತ್ತ ಕೇಳುವ ಸುಖ ಆಗಲೂ ಸುಳ್ಳಾಗದು. ಅದರ ಕಾರಣದಲ್ಲಿ ಕಣ್ಣಿಗೂ ಪಾಲಿದೆ ಎಂದಷ್ಟೇ ಒಪ್ಪಬೇಕಾಗುತ್ತದೆ.