ಇದ್ದದ್ದನ್ನು ಇದ್ದ ಹಾಗೆ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಈ ಗಾದೆ ಕೇಳಿದಾಗಲೆಲ್ಲ ನನಗೆ ಐರ್ಲೆಂಡಿನ ಹಾಡುಗಾರ್ತಿ ಶಿನೇಡ್ ಓಕಾನರ್ ನೆನಪಾಗುತ್ತಾಳೆ. 1966ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ 2023ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಈಕೆ ತಾನೇ ಹಾಡು ಕಟ್ಟಿ ಹಾಡುತ್ತಿದ್ದವಳು. ಆದರೆ ಆಕೆಯನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಅಮೆರಿಕದ ಪ್ರಿನ್ಸ್ ಬರೆದಿದ್ದ 'ನಥಿಂಗ್ ಕಂಪೇರ್ಸ್ ಟು ಯು'. 1990ರಲ್ಲಿ ಬಂದ ಆ ಹಾಡಿನ ವೀಡಿಯೋದಲ್ಲಿ ಪರದೆ ತುಂಬ ಆಕೆಯ ಮುಖ, ನುಣ್ಣಗೆ ಕತ್ತರಿಸಿದ ತಲೆ, ಕೆನ್ನೆಯ ಮೇಲೆ ಇಳಿಯುವ ಕಣ್ಣೀರು. ತೀರಿಹೋದ ತಾಯಿ ನೆನಪಾಗಿ ಅಳು ಬಂತೆಂದು ಆಕೆ ಹೇಳಿದ್ದಳು. ಚಿಕ್ಕವಳಿದ್ದಾಗ ತನ್ನನ್ನು ಹೊಡೆದು ಹಿಂಸಿಸಿದವಳೂ ಅದೇ ತಾಯಿ ಎಂದೂ ಹೇಳಿದ್ದಳು.

1992ರ ಅಕ್ಟೋಬರ್ 3ರಂದು ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಟೀವಿ ಕಾರ್ಯಕ್ರಮದಲ್ಲಿ ಬಾಬ್ ಮಾರ್ಲೆಯ 'ವಾರ್' ಹಾಡನ್ನು ವಾದ್ಯಗಳಿಲ್ಲದೆ ಹಾಡಿದ ಆಕೆ, ಪೋಪ್ ಎರಡನೆಯ ಜಾನ್ ಪಾಲರ ಪಟವೊಂದನ್ನು ಎತ್ತಿ ಹಿಡಿದು ಹರಿದು ಹಾಕಿದಳು. ಚರ್ಚಿನವರು ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಡುತ್ತಿದ್ದಾರೆಂಬುದು ಆಕೆಯ ಸಿಟ್ಟು. ಆ ಪಟ ತಾಯಿಯ ಕೋಣೆಯ ಗೋಡೆಯ ಮೇಲಿದ್ದದ್ದು. ತಾಯಿಯ ನೆನಪು ಕಣ್ಣೀರಾಗಿ ಬಂದಾಗ ಲೋಕ ಕ್ಯಾಸೆಟ್ಟು ಕೊಂಡಿತ್ತು. ಸಿಟ್ಟಾಗಿ ಬಂದಾಗ ನ್ಯೂಯಾರ್ಕಿನಲ್ಲಿ ಅದೇ ಕ್ಯಾಸೆಟ್ಟುಗಳ ಮೇಲೆ ರೋಡ್ ರೋಲರ್ ಹರಿಸಿದರು.

ಮೆತ್ತಗೆ ಹೇಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಿಜವನ್ನು ಪ್ರಿಯವಾಗಿ ಹೇಳಬೇಕೆಂದು ನಮ್ಮ ಹಿರಿಯರೂ ಹೇಳಿದ್ದಾರೆ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಯಾವ ಪಾಪವನ್ನೂ ಮಾಡದೆ ಅಂಥ ಪಟಕ್ಕೆ ಕೈಮುಗಿಯುತ್ತಿದ್ದ ಸಾಮಾನ್ಯರಿಗೆ ಆದ ನೋವೂ ನೋವೇ. ಆದರೆ ಮೆತ್ತಗಿನ ಮಾತಿಗೆ ಕೇಳುವ ಕಿವಿ ಬೇಕಲ್ಲವೆ? 2009ರಲ್ಲಿ ಹೊರಬಂದ ರಯಾನ್ ಮತ್ತು ಮರ್ಫಿ ವರದಿಗಳನ್ನು ನೋಡಿದರೆ, ದೂರುಗಳು ಎಷ್ಟೋ ಹಿಂದೆಯೇ ಹೋಗಿದ್ದವು. ಕೇಳಬೇಕಾದವರು ಸಂಸ್ಥೆಯ ಮರ್ಯಾದೆ ಕಾಯುತ್ತ ಕುಳಿತಿದ್ದರು. 2010ರಲ್ಲಿ ಪೋಪ್ 16ನೆಯ ಬೆನೆಡಿಕ್ಟರು ಐರ್ಲೆಂಡಿನ ಕ್ಯಾಥೊಲಿಕರಿಗೆ ಪತ್ರ ಬರೆದು ದುಃಖ ವ್ಯಕ್ತಪಡಿಸಿದರು. ಆಕೆ ಪಟ ಹರಿದು ಆಗಲೇ ಹದಿನೇಳು ವರ್ಷ ಕಳೆದಿತ್ತು.

ಈಗ ಎಲ್ಲರೂ ಆಕೆ ಹೇಳಿದ್ದು ಸರಿ ಎನ್ನುತ್ತಾರೆ. ವರದಿ ಬಂದ ಮೇಲೆ ನಂಬುವುದಕ್ಕೆ ಧೈರ್ಯವೇನೂ ಬೇಕಿಲ್ಲ, ಓದು ಬಂದರೆ ಸಾಕು. ವರದಿ ಬರುವ ಮೊದಲು ನಾವು ಹೇಗಿರುತ್ತೇವೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಪಟ ಹರಿದ ಎರಡು ವಾರದೊಳಗೆ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಾಬ್ ಡಿಲನ್ ಗೌರವಾರ್ಥ ನಡೆದ ಸಂಗೀತ ಕಾರ್ಯಕ್ರಮಕ್ಕೆ ಆಕೆ ಬಂದಾಗ ಜನ ಕೂಗಾಡಿದರು. ಆಕೆಯನ್ನು ವೇದಿಕೆಯಿಂದ ಕರೆತರಲು ಹಾಡುಗಾರ ಕ್ರಿಸ್ ಕ್ರಿಸ್ಟಾಫರ್ಸನ್‌ನನ್ನು ಕಳಿಸಿದರು. ಆತ ಕರೆತರಲಿಲ್ಲ, ಹತ್ತಿರ ಹೋಗಿ ಧೈರ್ಯ ಹೇಳಿದ. ಪಟ ಹರಿಯುವ ಎದೆಗಾರಿಕೆ ನನ್ನಂಥವನಲ್ಲಿ ಇಲ್ಲ, ಹರಿಯಬೇಕೆಂಬ ಆಸೆಯೂ ಇಲ್ಲ. ಆದರೆ ಸಭೆಯೆಲ್ಲ ಎದ್ದು ಒಬ್ಬಳ ಬಾಯಿ ಮುಚ್ಚಿಸುತ್ತಿರುವಾಗ, ಮೊದಲು ಆಕೆ ಮಾತು ಮುಗಿಸಲಿ ಎಂದು ಪಕ್ಕದಲ್ಲಿ ನಿಲ್ಲುವುದಕ್ಕೆ ದೊಡ್ಡ ಎದೆ ಬೇಕಿಲ್ಲ. ಅಷ್ಟನ್ನಾದರೂ ನಮ್ಮಂಥವರು ಮಾಡಬಹುದು.